ಬಾಯ್ಲರ್ ಪರೀಕ್ಷೆಗೆ ನೀರೇ ಏಕೆ?

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಅಲ್ಲಿನ 210 ಮೆಗಾವಾಟ್ ಘಟಕಗಳಲ್ಲಿ ಹಬೆಯ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150 ಪಟ್ಟು. ಕೊಳವೆ ಸೀಳಿದರೆ ಹತ್ತಿರವಿದ್ದವರ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಾಯ್ಲರ್ ತಪಾಸಣೆ ಕಾನೂನಿನಂತೆ ಕಡ್ಡಾಯ. 1923ರ ಕಾಯಿದೆಯ ಸ್ಥಾನದಲ್ಲಿ ಈಗ 2025ರ ಕಾಯಿದೆ ಇದೆ. ರಾಜ್ಯದಲ್ಲಿ ಈ ಹೊಣೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು.

ಜಲ ಒತ್ತಡ ಪರೀಕ್ಷೆಯಲ್ಲಿ ಬಾಯ್ಲರಿಗೆ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹೇರುತ್ತಾರೆ. ಗಾಳಿ ಏಕೆ ಬೇಡ? ಸಂಕುಚಿತ ಗಾಳಿ ಸ್ಪ್ರಿಂಗಿನಂತೆ ಅಪಾರ ಶಕ್ತಿಯನ್ನು ಕೂಡಿಡುತ್ತದೆ. ಲೋಹ ಬಿರಿದರೆ ಸ್ಫೋಟವೇ. 150 ಪಟ್ಟು ಒತ್ತಡದಲ್ಲೂ ನೀರು ಕುಗ್ಗುವುದು ಶೇಕಡಾ 1ಕ್ಕಿಂತ ಕಡಿಮೆ. ಬಿರುಕಿದ್ದರೆ ನೀರು ಜಿನುಗಿ ಒತ್ತಡ ಇಳಿಯುತ್ತದೆ, ಅಷ್ಟೇ.

ದೇವದುರ್ಗ, ಮಾನ್ವಿಯ ಶಾಲೆಗಳಲ್ಲೂ ಇದನ್ನು ತೋರಿಸಬಹುದು. ಸೂಜಿಯಿಲ್ಲದ ಸಿರಿಂಜಿನ ಬಾಯಿ ಮುಚ್ಚಿ, ಮೊದಲು ಗಾಳಿ, ಅನಂತರ ನೀರು ತುಂಬಿ ಒತ್ತಿ ನೋಡಿ.