ಬರಹ ನಿಂತಾಗ ಮೂಗನ್ನು ನಂಬಿ

ಬರಹ ಕೈಕೊಟ್ಟಾಗ ನಾವು ಇನ್ನಷ್ಟು ಯೋಚಿಸಲು ಹೊರಡುತ್ತೇವೆ. ಆಗ ಮಾಡಬೇಕಾದದ್ದು ಮೂಸುವುದು, ಮುಟ್ಟುವುದು, ಕಿವಿಗೊಡುವುದು. ಜರ್ಮನ್ ಕವಿ ಷಿಲ್ಲರ್ ಮೇಜಿನ ಖಾನೆಯಲ್ಲಿ ಕೊಳೆತ ಸೇಬು ಇಟ್ಟುಕೊಳ್ಳುತ್ತಿದ್ದ. ಆ ವಾಸನೆಯಿಲ್ಲದೆ ಅವನಿಗೆ ಬರೆಯಲಾಗುತ್ತಿರಲಿಲ್ಲವೆಂಬುದು ಅವನ ಗೆಳೆಯ ಗಯಟೆ ಹೇಳಿದ ಸಂಗತಿ. ಕೇಳಲು ವಿಚಿತ್ರ, ಆದರೆ ಇದಕ್ಕೆ ಶರೀರದಲ್ಲೇ ಆಧಾರವಿದೆ. ಉಳಿದ ಇಂದ್ರಿಯಗಳ ಸುದ್ದಿ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದುಹೋಗುತ್ತದೆ; ವಾಸನೆಗೆ ಮಾತ್ರ ಭಾವನೆ, ನೆನಪುಗಳ ಕೇಂದ್ರಗಳಿಗೆ ಹೆಚ್ಚುಕಡಿಮೆ ನೇರ ದಾರಿಯಿದೆ. ಒಗ್ಗರಣೆಯ ಇಂಗು ಎಂದೋ ಬಿಟ್ಟುಬಂದ ಅಡುಗೆಮನೆಯನ್ನು ಅದರ ಮಾತುಕತೆಯ ಸಮೇತ ಎದುರಿಗೆ ತಂದು ನಿಲ್ಲಿಸಬಲ್ಲದು. ನೆನಪು ಬಂದಲ್ಲಿ ವಾಕ್ಯವೂ ಬರುತ್ತದೆ.

ವಿಚಾರ ಲೇಖನಕ್ಕೆ ಇಂಗಿನಿಂದ ಏನಾದೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದ್ರಿಯಗಳು ತರ್ಕವನ್ನು ಕೊಡಲಾರವು, ಮೊದಲ ವಾಕ್ಯವನ್ನು ಕೊಡಬಲ್ಲವು. ಬರಗಾಲದ ಬಗ್ಗೆ ಬರೆಯುವವರು ಬತ್ತಿದ ಕೆರೆಯ ಬಿರುಕಿನಲ್ಲಿ ಎಷ್ಟು ಬೆರಳು ಇಳಿಯುತ್ತವೆ ಎಂಬುದರಿಂದ ತೊಡಗಿದರೆ ಅಂಕಿಅಂಶಗಳಿಗೆ ನಿಲ್ಲಲು ನೆಲ ಸಿಗುತ್ತದೆ. ದಣಿವಿನಿಂದಲೋ ಖಿನ್ನತೆಯಿಂದಲೋ ನಿಂತ ಬರಹಕ್ಕೆ ಮಾತ್ರ ಇದು ಮದ್ದಲ್ಲ. ಅಲ್ಲಿ ವಿಶ್ರಾಂತಿ ಬೇಕು, ವೈದ್ಯರೂ ಬೇಕಾಗಬಹುದು. ಉಳಿದವರು ಕೈಗೆಟುಕುವ ವಸ್ತುವೊಂದನ್ನು ಮುಟ್ಟಿ, ಮೂಸಿ, ಅದರ ಬಗ್ಗೆಯೇ ಹತ್ತು ಸಾಲು ಬರೆದು ನೋಡಿ.