ಕುರುವಲ್ಲದ ಗಂಟು

ತೋಳಿನ ಮೇಲ್ಭಾಗದಲ್ಲಿ ಅಡಿಕೆಯಷ್ಟು ದಪ್ಪನೆಯ ಗಟ್ಟಿ ಗಂಟೊಂದು ಕಾಣಿಸಿಕೊಂಡರೆ ಮನೆಯವರು ಅದನ್ನು ಕುರುವೆಂದೇ ಬಗೆದು ಶಾಖ ಕೊಡುವುದುಂಟು. ವಾರಗಳು ಕಳೆದರೂ ಅದು ಹಣ್ಣಾಗದು, ಕೀವು ಕಟ್ಟದು. ತಿಂಗಳುಗಳು ಉರುಳಿದ ಮೇಲೆ ಗಂಟು ಕರಗಬಹುದು. ಆದರೆ ಅದಿದ್ದ ಎಡೆಯಲ್ಲಿ ಚಮಚದಿಂದ ತೋಡಿ ತೆಗೆದಂತಹ ಹಳ್ಳವೊಂದು ಉಳಿದುಬಿಡುತ್ತದೆ.

'ಲೂಪಸ್ ಪ್ರೊಫಂಡಸ್' ಎಂಬ ವಿರಳ ವ್ಯಾಧಿಯ ಪರಿಯಿದು. ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. (ತೋಳಿಗೆ ಎರಗುವ ರೋಗಕ್ಕೆ ತೋಳನ ಹೆಸರು! ಈ ಶ್ಲೇಷೆ ಕನ್ನಡಿಗರಿಗಷ್ಟೇ ಹೊಳೆದೀತು.) ವಿಯೆನ್ನಾ ನಗರದ ಚರ್ಮವೈದ್ಯ ಕಪೋಸಿಯವರು 1883ರಲ್ಲಿ ಇದನ್ನು ವರ್ಣಿಸಿದರು. ಆಳದ್ದು ಎಂಬರ್ಥದ 'ಪ್ರೊಫಂಡಸ್' ಎಂಬ ಹೆಸರನ್ನು 1940ರಲ್ಲಿ ಇರ್ಗಾಂಗ್ ಎಂಬವರು ಕೊಟ್ಟರು. ಹೆಸರು ಅನ್ವರ್ಥವೇ ಸರಿ. ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಚರ್ಮದಡಿಯ ಕೊಬ್ಬಿನ ಪದರದ ಮೇಲೆಯೇ ತಿರುಗಿಬೀಳುತ್ತದೆ. ಮೇಲಿನ ಚರ್ಮ ಎಷ್ಟೋ ವೇಳೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಕ್ಷಯದಿಂದ ಬರುವ 'ಲೂಪಸ್ ವಲ್ಗಾರಿಸ್' ಬೇರೆಯೇ ಜಾಡ್ಯ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ತಿಳಿಯಲಾಗದು.

ಇದು ಹೆಚ್ಚಾಗಿ ಸ್ತ್ರೀಯರನ್ನು ಕಾಡುತ್ತದೆ. ಭುಜ, ಮೇಲ್ದೋಳು, ಮುಖ, ಸ್ತನ, ಪೃಷ್ಠ ಇದರ ನೆಲೆಗಳು. ಮೊಣಕಾಲಿನ ಕೆಳಗೆ ಮಾತ್ರ ಗಂಟುಗಳಿದ್ದರೆ ವೈದ್ಯರು ಸಾಮಾನ್ಯವಾಗಿ ಬೇರೆ ಕಾರಣವನ್ನು ಹುಡುಕುತ್ತಾರೆ.

ನಿರ್ಣಯಕ್ಕೆ ಬಯಾಪ್ಸಿ ಬೇಕು. ಮೇಲ್ಪದರದ ಚೂರು ಸಾಲದು, ಕೊಬ್ಬಿನವರೆಗೂ ಇಳಿಯಬೇಕು. ಕೊಬ್ಬಿನ ಪದರದಲ್ಲಿ ಹುಟ್ಟುವ ಒಂದು ಬಗೆಯ ಅರ್ಬುದವೂ ಇದನ್ನೇ ಹೋಲುವುದರಿಂದ ಈ ಎಚ್ಚರ ಅಗತ್ಯ. ಮೂತ್ರಪಿಂಡ ಮೊದಲಾದ ಒಳ ಅಂಗಗಳಿಗೂ ಲೂಪಸ್ ತಗುಲಿದೆಯೇ ಎಂದು ರಕ್ತ, ಮೂತ್ರಗಳ ಪರೀಕ್ಷೆಯೂ ನಡೆಯುತ್ತದೆ. ಅನೇಕರಲ್ಲಿ ಹಾಗಾಗಿರುವುದಿಲ್ಲ.

ಔಷಧದ ಕಥೆ ಸ್ವಾರಸ್ಯಕರವಾದುದು. ಲಂಡನ್ನಿನ ವೈದ್ಯ ಪೇನ್ ಅವರು 1894ರಲ್ಲಿಯೇ ಚರ್ಮದ ಲೂಪಸ್‌ಗೆ ಮಲೇರಿಯಾದ ಕ್ವಿನೈನನ್ನು ಕೊಟ್ಟು ನೋಡಿದ್ದರು. ಇಂದಿನ ಮೊದಲ ಮದ್ದೂ ಮಲೇರಿಯಾದ್ದೇ: ಹೈಡ್ರಾಕ್ಸಿಕ್ಲೋರೋಕ್ವಿನ್. ದಿನವೊಂದಕ್ಕೆ ದೇಹತೂಕದ ಕಿಲೋಗ್ರಾಮಿಗೆ 5 ಮಿಲಿಗ್ರಾಮ್ ಮೀರದಂತೆ ವೈದ್ಯರು ಪ್ರಮಾಣವನ್ನು ಗೊತ್ತುಪಡಿಸುತ್ತಾರೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ತಿಂಗಳಿಗೇ ಬೇಸತ್ತು ಗುಳಿಗೆ ಬಿಟ್ಟವರು ನಷ್ಟಕ್ಕೊಳಗಾಗುತ್ತಾರೆ. ದೀರ್ಘಕಾಲ ಸೇವಿಸಿದರೆ ಅಕ್ಷಿಪಟಲಕ್ಕೆ ಅಪಾಯವುಂಟಾಗಬಹುದಾದ್ದರಿಂದ ಆರಂಭದಲ್ಲಿ ಕಣ್ಣಿನ ಪರೀಕ್ಷೆ ಆಗಬೇಕು. ಐದು ವರ್ಷಗಳ ಬಳಿಕ ವರ್ಷಕ್ಕೊಮ್ಮೆ ತಪ್ಪಬಾರದು. ಇದಕ್ಕೆ ಬಗ್ಗದಿದ್ದರೆ ಸ್ಟೆರಾಯ್ಡ್, ಡ್ಯಾಪ್ಸೋನ್ ಮುಂತಾದುವುಂಟು. ಬಿಸಿಲಿನಿಂದ ಮೈಯನ್ನು ಕಾಪಾಡಿಕೊಳ್ಳಬೇಕು, ಧೂಮಪಾನವನ್ನು ತ್ಯಜಿಸಬೇಕು.

ಗಂಟನ್ನು ಅನವಶ್ಯಕವಾಗಿ ಕೊಯ್ಯಿಸುವುದು ಸಲ್ಲದು. ಪೆಟ್ಟು ಬಿದ್ದೆಡೆ ರೋಗ ಕೆರಳಬಹುದು. ಮದ್ದು ಹೊಸ ಗಂಟುಗಳನ್ನು ತಡೆದೀತು. ಒಮ್ಮೆ ಬಿದ್ದ ಹಳ್ಳವನ್ನು ತುಂಬಲಾರದು. ಅದನ್ನು ತುಂಬಿಸುವ ಚಿಕಿತ್ಸೆಗಳಿದ್ದರೂ ರೋಗವು ಬಹುಕಾಲ ತಣ್ಣಗಿದ್ದ ಮೇಲಷ್ಟೇ ವೈದ್ಯರು ಆ ಮಾತೆತ್ತುವರು.