ವೈದ್ಯಕೀಯ ಚಿತ್ರಣ: ವರ್ತಕ ಕುಟುಂಬಗಳ ಮಕ್ಕಳಿಗೊಂದು ವೃತ್ತಿಮಾರ್ಗ

ಇಂಡಿಯ ನಿಂಬೆ ವ್ಯಾಪಾರಿಯಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಡತಿ ವರ್ತಕರಾಗಲಿ, ಮಕ್ಕಳ ಉನ್ನತ ವ್ಯಾಸಂಗವೆಂದೊಡನೆ ಡಾಕ್ಟರ್ ಅಥವಾ ಎಂಜಿನಿಯರ್ ಎಂಬ ಎರಡೇ ಹಾದಿಗಳನ್ನು ಯೋಚಿಸುವುದು ರೂಢಿ. ಇವೆರಡಕ್ಕೂ ಸಂಬಂಧಿಸಿದ ವೈದ್ಯಕೀಯ ಚಿತ್ರಣ ಕ್ಷೇತ್ರವು ಅನೇಕರ ಗಮನಕ್ಕೆ ಬಂದಿಲ್ಲ.

ಅಗತ್ಯವೇನು?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಆದರೆ ತಾಲ್ಲೂಕಿನ ಮಹಿಳೆಯು ಪರೀಕ್ಷೆಗಾಗಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಬೇಕಾದಾಗ ಶುಲ್ಕದ ಜೊತೆಗೆ ಪ್ರಯಾಣದ ಖರ್ಚು ಮತ್ತು ಒಂದು ದಿನದ ದುಡಿಮೆಯ ನಷ್ಟವೂ ಸೇರುತ್ತದೆ. ಇದರೊಡನೆ ಸಂಕೋಚವೂ ಕೂಡಿದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ರೋಗ ಬೆಳೆಯುತ್ತದೆ.

ಮ್ಯಾಮೊಗ್ರಫಿ ಎಂದರೆ ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿಹಿಡಿದು ಕಡಿಮೆ ಶಕ್ತಿಯ ಕ್ಷ-ಕಿರಣದಿಂದ ಚಿತ್ರ ತೆಗೆಯುವ ವಿಧಾನ. ಸ್ತನವನ್ನು ಸರಿಯಾಗಿ ಇರಿಸದಿದ್ದರೆ ಒಂದು ಭಾಗವೇ ಚಿತ್ರದಿಂದ ಹೊರಗುಳಿಯಬಹುದು. ಆದ್ದರಿಂದ ಯಂತ್ರದ ಬೆಲೆಯಷ್ಟೇ ತಂತ್ರಜ್ಞರ ಕೌಶಲವೂ ಮುಖ್ಯ. ಮಹಿಳಾ ತಂತ್ರಜ್ಞರಿದ್ದಲ್ಲಿ ರೋಗಿಯ ಸಂಕೋಚವೂ ಕಡಿಮೆಯಾಗುವುದರಿಂದ ಹೆಣ್ಣುಮಕ್ಕಳಿಗೆ ಇದು ವಿಶೇಷ ಅವಕಾಶ.

ವೃತ್ತಿಯ ಮೆಟ್ಟಿಲುಗಳು

ಮೊದಲನೆಯದು ಪ್ಯಾರಾಮೆಡಿಕಲ್ ಡಿಪ್ಲೊಮಾ. ಎರಡನೆಯದು, ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದವರಿಗಾಗಿರುವ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್‌ಸಿ. ಪದವಿ, ಇಂಟರ್ನ್‌ಶಿಪ್ ಸೇರಿ ಸುಮಾರು ನಾಲ್ಕು ವರ್ಷ. ಅನುಭವ ಪಡೆದವರು ಸಿ.ಟಿ., ಎಂ.ಆರ್.ಐ. ಅಥವಾ ಮ್ಯಾಮೊಗ್ರಫಿ ವಿಭಾಗಗಳಲ್ಲಿ ಪರಿಣತಿ ಗಳಿಸಬಹುದು. ಚಿತ್ರವನ್ನು ಓದಿ ವರದಿ ನೀಡುವವರು ರೇಡಿಯಾಲಜಿಸ್ಟರು. ಅವರ ಹಾದಿ ಎಂ.ಬಿ.ಬಿ.ಎಸ್., ಬಳಿಕ ಮೂರು ವರ್ಷಗಳ ಎಂ.ಡಿ. ವಿಜಯಪುರದಲ್ಲಿಯೇ 1984ರಲ್ಲಿ ಆರಂಭವಾದ ಅಲ್-ಅಮೀನ್ ಮತ್ತು 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ. ತಂತ್ರಜ್ಞರ ಶಿಕ್ಷಣ ಹಾಗೂ ನೋಂದಣಿಗೆ ಸಂಬಂಧಿಸಿದ ರಾಷ್ಟ್ರೀಯ ಕಾನೂನು 2021ರಲ್ಲಿ ಬಂದಿದೆ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸುವುದು ಅವಶ್ಯ.

ವಿಕಿರಣದ ಭಯ ಸಹಜ. ಆದರೆ ಸಿಬ್ಬಂದಿ ಧರಿಸುವ ಟಿ.ಎಲ್.ಡಿ. ಬ್ಯಾಡ್ಜ್ ಅವರ ಮೇಲೆ ಬಿದ್ದ ವಿಕಿರಣದ ಲೆಕ್ಕವನ್ನು ಇಡುತ್ತದೆ. ಐದು ವರ್ಷಗಳ ಸರಾಸರಿ ವಾರ್ಷಿಕ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬುದು ನಮ್ಮ ದೇಶದ ಮಿತಿ.

ಬಂಡವಾಳ ಹೂಡುವವರ ಗಮನಕ್ಕೆ

ಸ್ಕ್ಯಾನಿಂಗ್ ಕೇಂದ್ರ ತೆರೆಯಬಯಸುವ ಉದ್ಯಮಿಗಳು ಯಂತ್ರದ ಕೊಟೇಶನ್‌ಗಿಂತ ಮೊದಲು ಸಿಬ್ಬಂದಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಕ್ಷ-ಕಿರಣ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಹಾಗೂ ವಿಕಿರಣ ಸುರಕ್ಷತಾ ಅಧಿಕಾರಿಯ ನೇಮಕ ಬೇಕು. ಅಲ್ಟ್ರಾಸೌಂಡ್ ಯಂತ್ರಕ್ಕೆ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿ ಕಡ್ಡಾಯ. ಕೇಂದ್ರಕ್ಕೆ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಅನ್ವಯಿಸುತ್ತದೆ.

ರೋಗಪತ್ತೆ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಯಂತ್ರ ಖರೀದಿಯಲ್ಲಿ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ; ಅದನ್ನು ಯಂತ್ರದ ವೆಚ್ಚಕ್ಕೇ ಸೇರಿಸಬೇಕು. ಉದಾಹರಣೆಗೆ, 30 ಲಕ್ಷ ರೂ. ಸಾಲಕ್ಕೆ ಶೇ. 10ರ ಬಡ್ಡಿಯೆಂದು ಹಿಡಿದರೆ, ತಂತ್ರಜ್ಞರಿಲ್ಲದೆ ಯಂತ್ರ ನಿಂತ ಪ್ರತಿ ತಿಂಗಳಿಗೆ ಬಡ್ಡಿಯೇ 25,000 ರೂ.

ಯಂತ್ರವನ್ನು ಸಾಲದಿಂದ ಒಂದೇ ದಿನ ತರಬಹುದು. ಅದನ್ನು ನಡೆಸುವವರು ತಯಾರಾಗಲು ವರ್ಷಗಳು ಬೇಕು. ಪಿ.ಯು.ಸಿ. ಓದುತ್ತಿರುವ ಮಗಳ ಅಥವಾ ಮಗನ ಶಿಕ್ಷಣಕ್ಕೆ ಇಂದು ಮಾಡಿದ ವೆಚ್ಚವು ಮುಂದೆ ಊರಿನಲ್ಲಿಯೇ ಒಂದು ಉದ್ಯೋಗವನ್ನೂ ಊರಿನ ಮಹಿಳೆಯರಿಗೆ ಸಕಾಲಿಕ ಪರೀಕ್ಷೆಯನ್ನೂ ಒದಗಿಸಬಲ್ಲದು.